ಭೂತ ಬಂಗಲೆಯ ಬಿಳಿ ಸೀರೆ

ನಮ್ಮ ಕಡೆ ಸತ್ತವರು ವರ್ಷಕ್ಕೊಂದು ಸಲ ಮನೆಗೆ ಬರುತ್ತಾರೆ. ಹೆದರಿಸುವುದಕ್ಕಲ್ಲ, ಊಟಕ್ಕೆ. ಮಹಾಲಯದ ಪಕ್ಷದಲ್ಲಿ ನಡುಮನೆಯ ಗೋಡೆ ಬದಿಗೆ ಮಣೆ ಹಾಕಿ, ಹೊಸ ಪಂಚೆ, ಹೊಸ ಸೀರೆ ಮಡಿಸಿಟ್ಟು, ಎಲೆ ತುಂಬ ಎಡೆ ಬಡಿಸಿ, ಬಾಗಿಲು ಮುಂದಕ್ಕೆ ಮಾಡಿ ನಾವೆಲ್ಲ ಜಗಲಿಗೆ ಬಂದು ಕೂರುತ್ತಿದ್ದೆವು. ಒಳಗೆ ಅವರು ನಿಧಾನವಾಗಿ ಉಣ್ಣುತ್ತಿದ್ದಾರೆ ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ತಾತನ ಎಡೆಯ ಪಕ್ಕದಲ್ಲಿ ಅಜ್ಜಿ ಒಂದು ಕಟ್ಟು ಬೀಡಿ ಇಡುತ್ತಿದ್ದಳು. ಒಂದು ವರ್ಷ ಬೆಂಕಿಪೊಟ್ಟಣ ಮರೆತುಹೋಗಿ, ಬಾಗಿಲು ಹಾಕಿದ ಮೇಲೆ ನೆನಪಾಯಿತು. ಅಜ್ಜಿ ಬಾಗಿಲ ಸಂದಿಯಲ್ಲಿ ಕೈ ತೂರಿಸಿ ಪೊಟ್ಟಣವನ್ನು ಒಳಕ್ಕೆ ಜಾರಿಸಿ, "ತಗಾ, ಗೊಣಗಬ್ಯಾಡ" ಅಂದಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಸತ್ತವರ ಜೊತೆ ಇಷ್ಟು ಸಲಿಗೆಯಿದ್ದ ಸೀಮೆಗೆ, ಅದೂ ಅದೇ ಪಕ್ಷದಲ್ಲಿ, ಭೂತ ಬಂಗಲೆ ಬಂತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಅಪ್ಪನಿಗೆ ದೂರದ ಊರಿನಲ್ಲಿ ಮೇಷ್ಟರ ಕೆಲಸ. ನಾನು ಅರಳಗುಪ್ಪೆ ಕಡೆಯ ನಮ್ಮೂರಿನಲ್ಲಿ ಅಜ್ಜಿಯ ಜೊತೆ ಇದ್ದುಕೊಂಡು, ದಿನಾ ಬಸ್ಸಿನಲ್ಲಿ ತಿಪಟೂರಿಗೆ ಹೋಗಿ ಟೈಪಿಂಗ್ ಕಲಿಯುತ್ತಿದ್ದೆ. ಮಹಾಲಯದಲ್ಲಿ ಮದುವೆ ಇಲ್ಲ, ಮುಂಜಿ ಇಲ್ಲ, ಕೊಬ್ಬರಿ ಮಂಡಿಯ ಪಕ್ಕದ ಬಯಲು ಖಾಲಿ. ದಸರೆ ಮುಗಿಯುವವರೆಗೆ ಇರೋಣವೆಂದು ಭೂತ ಬಂಗಲೆಯ ಜನ ಅಲ್ಲಿ ಟಾರ್ಪಾಲಿನ ಗುಡಾರ ಹಾಕಿದ್ದರು. ಮುಂದೆ ತಗಡಿನ ದೊಡ್ಡ ಬೋರ್ಡು. ಕೆಂಪು ಬಣ್ಣದಲ್ಲಿ, ಒಂದೊಂದು ಅಕ್ಷರದಿಂದಲೂ ರಕ್ತ ತೊಟ್ಟಿಕ್ಕುವ ಹಾಗೆ, 'ಭೂತ ಬಂಗಲೆ'. ಅಕ್ಷರದ ಪಕ್ಕದಲ್ಲಿ ಆಳೆತ್ತರದ ಹೆಂಗಸಿನ ಚಿತ್ರ: ಬಿಳಿ ಸೀರೆ, ತಲೆ ತುಂಬ ಸೆರಗು, ಬಿಚ್ಚಿದ ಕೂದಲು, ಬಾಯಿಂದ ಹೊರಗೆ ಬಂದ ಎರಡು ಹಲ್ಲು.

ಟೈಪಿಂಗ್ ಕ್ಲಾಸಿನ ಗೆಳತಿಯರ ಜೊತೆ ನಾನೂ ಹೋದೆ. ಒಳಗೆ ಕತ್ತಲು. ಕಾಲ ಕೆಳಗೆ ಅಲ್ಲಾಡುವ ಹಲಗೆ, ಮುಖಕ್ಕೆ ತಾಗುವ ಒದ್ದೆ ಗೋಣಿ, ಎಲ್ಲಿಂದಲೋ ಟೇಪ್ ರೆಕಾರ್ಡರಿನ ನಗು. ಸಾಲಾಗಿ ತೂಗುಹಾಕಿದ್ದ ತಲೆಬುರುಡೆಗಳಿಗೆ ಸುಣ್ಣ ಬಳಿದಿದ್ದರು. ಅವು ತೆಂಗಿನ ಚಿಪ್ಪು ಅನ್ನುವುದು ನಮ್ಮ ತಾಲ್ಲೂಕಿನ ಎಳೆಮಗುವಿಗೂ ಗೊತ್ತಾಗುತ್ತಿತ್ತು. ನಮ್ಮ ಹಿಂದಿದ್ದ ಯಾರೋ ಗಂಡಸು, "ಲೇ, ಇದು ಗೊಡ್ಡುಕಾಯಿ ಚಿಪ್ಪು ಕಣ್ಲಾ" ಅಂದಾಗ ನಾವೆಲ್ಲ ನಕ್ಕೆವು. ಕಡೆಯಲ್ಲಿ ಕೆಂಪು ಬಲ್ಬಿನ ಕೋಣೆ. ಅಲ್ಲಿ ಪರದೆ ಸರಿದು ಬಿಳಿ ಸೀರೆಯದು ಲಾಟೀನು ಹಿಡಿದು ಹೊರಗೆ ಬಂತು. ಎಲ್ಲರೂ ಕೂಗಿದರು, ನಾನೂ ಕೂಗಿದೆ. ಹೊರಗೆ ಬಂದು ಕಡಲೆಕಾಯಿ ತಿನ್ನುತ್ತ ನಿಂತಾಗ ಮಾತ್ರ ನನಗೆ ಒಂಥರಾ ಕಸಿವಿಸಿ. ಆ ಸೆರಗನ್ನು ತಲೆಯ ಮೇಲಿಂದ ಎಳೆದು ಗಲ್ಲದ ಹತ್ತಿರ ಎಡಗೈಯಲ್ಲಿ ಹಿಡಿದ ರೀತಿಯನ್ನು ನಾನು ದಿನಾ ಬೆಳಗ್ಗೆ ಮನೆಯಲ್ಲೇ ನೋಡುತ್ತಿದ್ದೆ.

ಅದು ನಮ್ಮ ಚಿಕ್ಕವ್ವನ ಸೆರಗು.

ಚಿಕ್ಕವ್ವ ಅಂದರೆ ಅಪ್ಪನ ತಮ್ಮನ ಹೆಂಡತಿ. ಚಿಕ್ಕಪ್ಪ ಕಾಮಾಲೆಯಾಗಿ ತೀರಿಕೊಂಡಾಗ ಅವಳಿಗೆ ನನಗಿಂತ ಸ್ವಲ್ಪ ಹೆಚ್ಚು ವಯಸ್ಸು, ಅಷ್ಟೆ. ಊರ ಹಿರಿಯರು ಬಿಳಿ ಸೀರೆ ತಂದು ಕೈಗೆ ಕೊಟ್ಟರು, ಉಟ್ಟಳು. ಆದರೆ ಮೂಲೆಯಲ್ಲಿ ಕೂರಲಿಲ್ಲ. ಪಾಲಾದಾಗ ಚಿಕ್ಕಪ್ಪನಿಗೆ ಬಂದಿದ್ದ ತೋಟವನ್ನು ತಾನೇ ನೋಡಿಕೊಂಡಳು. ಕೆಡವಿದ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿಸಿ, ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಡುವವರೆಗೆ ಹೆಚ್ಚುಕಡಿಮೆ ಒಂದು ವರ್ಷ ಕಾಯುವುದು ನಮ್ಮ ಕಡೆಯ ಪದ್ಧತಿ. ಅವಳು ಏಣಿ ಹತ್ತಿ ಕೂತು ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದಳು. ನೀರಿನ ಸದ್ದು ಬಂದರೆ ಇನ್ನೂ ಆಗಿಲ್ಲ. ಗಟಗಟ ಅಂದರೆ ಕೊಬ್ಬರಿ ಆಗಿದೆ. ಅಟ್ಟದಲ್ಲಿ ಇಲಿ ಓಡಿದರೂ ಗಟಗಟ, ಬೆಕ್ಕು ಓಡಿದರೂ ಗಟಗಟ. ನಾನು ಆ ಸದ್ದಿನ ಕೆಳಗೆ ಮಲಗಿ ನಿದ್ದೆ ಮಾಡಿದವಳು.

ಕೊಬ್ಬರಿಯನ್ನು ಚೀಲಕ್ಕೆ ತುಂಬಿ, ಬಾಡಿಗೆ ಗಾಡಿಗೆ ಹೇರಿಸಿ, ಮಂಡಿಗೂ ಅವಳೇ ಹೋಗುತ್ತಿದ್ದಳು. ಚೀಲದ ಮೇಲೆ ಕಪ್ಪು ಮಸಿಯಲ್ಲಿ ಚಿಕ್ಕಪ್ಪನ ಹೆಸರು. ಅವನಿದ್ದಾಗ ಬರೆಸಿದ ಚೀಲಗಳು, ಅದೇ ಹೆಸರು ಹಾಗೇ ನಡೆದುಕೊಂಡು ಬಂದಿತ್ತು. ಸತ್ತ ಮೇಲೂ ಚಿಕ್ಕಪ್ಪ ಮಂಡಿಯಲ್ಲಿ ಕೊಬ್ಬರಿ ಮಾರುತ್ತಲೇ ಇದ್ದ. ಇದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ.

ಭೂತ ಬಂಗಲೆ ಬಂದ ಮೇಲೆ ವಿಚಿತ್ರ ಅನ್ನಿಸಿದ್ದು ಚಿಕ್ಕವ್ವ.

ಮೊದಲು ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ನೋಡಿ 'ದೆವ್ವ' ಅಂತ ಒಬ್ಬ ಅಂದ. ಆಮೇಲೆ ಮಂಡಿಯ ಗೇಟಿನಲ್ಲೇ ಶುರುವಾಯಿತು. ಅವತ್ತು ನಾನೂ ಜೊತೆಗಿದ್ದೆ. ಆ ವರ್ಷದ ಕೊಬ್ಬರಿಯ ಮಾದರಿ ತೋರಿಸಲು ಅವಳು ನಾಲ್ಕು ಉಂಡೆ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಚೀಲದ ಮೇಲೆ ಕೂತಿದ್ದ ಪಡ್ಡೆ ಹುಡುಗರಲ್ಲಿ ಒಬ್ಬ ಎದ್ದು ನಿಂತು, "ಲೇ, ಬಂತು ಕಣ್ರಲಾ! ಟಿಕೆಟ್ ಇಲ್ದೆ ಪುಕ್ಕಟೆ ಶೋ!" ಅಂದ. ಇನ್ನೊಬ್ಬ ಟೇಪ್ ರೆಕಾರ್ಡರಿನ ಹಾಗೆ ನಕ್ಕ. ತೂಕದವನು ನಕ್ಕ. ಹರಾಜಿಗೆ ಬಂದಿದ್ದ ದೊಡ್ಡವರೂ ಮೀಸೆಯೊಳಗೆ ನಕ್ಕರು. ಚಿಕ್ಕವ್ವ ಒಂದು ಕ್ಷಣ ನಿಂತು ಅವರನ್ನೆಲ್ಲ ನೋಡಿದಳು. ಸೆರಗು ಬಿಚ್ಚಲಿಲ್ಲ, ಕೊಬ್ಬರಿ ತೋರಿಸಲಿಲ್ಲ. ಹಾಗೇ ತಿರುಗಿ ಬಂದಳು.

ಸುದ್ದಿ ನಮಗಿಂತ ಮೊದಲು ಮನೆ ತಲುಪಿತ್ತು. ಜಗಲಿಯ ಮೇಲೆ ದೊಡ್ಡಪ್ಪ ಕಾಯುತ್ತಿದ್ದ. ಅಪ್ಪನಿಗೂ ಚಿಕ್ಕಪ್ಪನಿಗೂ ಅಣ್ಣ. ಊರಿಗೆ ಬೇಕಾದವನು, ಉರಿಬಿಸಿಲಿನಲ್ಲೂ ಪಂಚೆಯ ಮೇಲೆ ಕಪ್ಪು ಕೋಟು ತೊಡುವವನು. ಕೆಟ್ಟವನಲ್ಲ. ಆದರೆ ತಮ್ಮನ ತೋಟ ತನ್ನ ಕೈಗೆ ಬಂದರೆ ಎಲ್ಲರಿಗೂ ಅನುಕೂಲ ಅಂತ ಅವನಿಗೆ ಮೊದಲಿಂದಲೂ ಅನ್ನಿಸುತ್ತಿತ್ತು.

"ನೋಡಮ್ಮ, ಇಷ್ಟು ದಿನ ನಾನೇನಾದ್ರೂ ಅಂದ್ನಾ? ಈಗ ಜನ ನಗಾಡ್ತಾವ್ರೆ. ನಗೋದು ನಿನ್ನ ನೋಡಿ ಅಲ್ಲ, ನಮ್ಮ ಮನೆ ನೋಡಿ. ಈ ಸಲದ ಕೊಬ್ಬರಿ ನನ್ನ ಹೆಸರಲ್ಲಿ ಇಳಿಸ್ತೀನಿ. ಮುಂದಕ್ಕೂ ತೋಟದ ಯವಾರ ನನಗೇ ಬುಟ್ಟುಬುಡು. ನೀನು ಮನೇಲಿ ನೆಮ್ಮದಿಯಾಗಿರು."

"ಕೊಬ್ಬರಿ ಮೇಲೆ ಇರೋದು ನಿಮ್ಮ ತಮ್ಮನ ಹೆಸರು ಭಾವ."

"ಅವನು ಸತ್ತು ಎಷ್ಟು ಕಾಲ ಆಯ್ತಮ್ಮ? ಸತ್ತೋನ ಹೆಸರಲ್ಲಿ ಎಷ್ಟು ದಿನ ಅಂತ ಮಾರ್ತೀಯ?"

ಪಕ್ಕದ ಮನೆಯ ಅಮ್ಮ, ಪಾಪ, ಒಳ್ಳೆಯ ಮನಸ್ಸಿನಿಂದಲೇ, "ಅಲ್ಲ ಕಣವ್ವ, ಆ ಬಂಗಲೆ ಹೋಗೋವರ್ಗೂ ಒಂದು ತಿಳಿ ನೀಲಿ ಸೀರೆ ಉಟ್ಕಂಡು ಹೋಗ್ಬಾರ್ದಾ? ಯಾರೂ ಏನೂ ಅನ್ನಲ್ಲ, ನಾನು ಕೊಡ್ತೀನಿ" ಅಂದಳು.

ಆಗ ಚಿಕ್ಕವ್ವನಿಗೆ ಸಿಟ್ಟು ಬಂತು. "ಬಿಳೀದು ಉಡು ಅಂದ್ರಿ, ಉಟ್ಟೆ. ಅವತ್ತು ನನ್ನ ಯಾರೂ ಕೇಳ್ಲಿಲ್ಲ. ಈಗ ಯಾವನೋ ಗುಡಾರದೋನು ದೆವ್ವಕ್ಕೆ ಅದನ್ನ ಉಡಿಸ್ದ ಅಂತ ನಾನು ಬಿಚ್ಚಬೇಕಾ? ಬಿಚ್ಚೋ ದಿನ ನನಗೆ ಬಿಚ್ಬೇಕು ಅನ್ನಿಸಿದ್ರೆ ಬಿಚ್ತೀನಿ. ಅವನಿಗೋಸ್ಕರ ಅಲ್ಲ."

ಅಜ್ಜಿ ಎಲೆಅಡಿಕೆ ಕುಟ್ಟುವುದನ್ನು ನಿಲ್ಲಿಸಿ, "ಅದೇ ಸರಿ" ಅಂದಳು. ಮತ್ತೆ ಕುಟ್ಟತೊಡಗಿದಳು.

ಹರಾಜಿನ ಹಿಂದಿನ ದಿನ ಮಧ್ಯಾಹ್ನ ನಾವು ಗಾಡಿ ಕಟ್ಟಿಸಿಕೊಂಡು ಹೋದೆವು. ಚಿಕ್ಕವ್ವ ಚೀಲಗಳ ಮೇಲೆ, ನಾನು ಅವಳ ಪಕ್ಕದಲ್ಲಿ. ಮಂಡಿ ಸೇರುವ ಹೊತ್ತಿಗೆ ದೊಡ್ಡಪ್ಪ ಬಸ್ಸಿನಲ್ಲಿ ಬಂದು ನಿಂತಿದ್ದ. ಹಮಾಲಿಗಳಿಗೆ, "ಚೀಲ ಇಳಿಸ್ರಪ್ಪ, ನನ್ನ ಹೆಸರಿಗೆ" ಅಂದ. ಚಿಕ್ಕವ್ವ ಗಾಡಿಯಿಂದ ಇಳಿಯದೆ, "ಬ್ಯಾಡ" ಅಂದಳು. ನಾವು ಕೊಬ್ಬರಿ ಹಾಕುವ ಅಂಗಡಿಯ ಯಜಮಾನರು, ಮಂಡಿಯವರು, ಇಬ್ಬರನ್ನೂ ಬಲ್ಲವರು, ಇಬ್ಬರಿಗೂ ಬೇಡವಾಗಲು ಇಷ್ಟವಿಲ್ಲದವರು. "ಚೀಲ ಅಂಗಡಿ ಮುಂದೆ ಇರ್ಲಿ. ಯಾರ ಹೆಸರು ಅನ್ನೋದು ಬೆಳಿಗ್ಗೆ ಹರಾಜಿಗೆ ಮುಂಚೆ ಹೇಳ್ರಿ. ನಿಮ್ಮನಿಮ್ಮಲ್ಲೇ ಮಾತಾಡ್ಕಳಿ. ಗಲಾಟೆ ಆದ್ರೆ ನಾನು ಯಾರ್ದೂ ಕೂಗ್ಸಲ್ಲ" ಅಂದರು.

ಚೀಲಗಳು ಇಳಿದವು. ಸಂಜೆಯಾಗುತ್ತಿತ್ತು. ಪಕ್ಕದ ಬಯಲಿನಲ್ಲಿ ಜನರೇಟರ್ ಗುಡುಗಿ, ಮೈಕಿನವನು ಕೂಗತೊಡಗಿದ: "ಎದೀ ಗಟ್ಟಿ ಇದ್ದವ್ರು ಬರ್ರೀ! ಇಲ್ಲದವ್ರು ಮನಿಗೆ ಹೋಗ್ರೀ!" ಹುಬ್ಬಳ್ಳಿ ಕಡೆಯ ಮಾತು.

ಚಿಕ್ಕವ್ವ ಎದ್ದು ಸೀರೆ ಕೊಡವಿಕೊಂಡಳು. "ನಡಿಯೇ, ನೋಡ್ಕಂಡು ಬರಾಣ."

"ಏನ್ ಚಿಕ್ಕವ್ವ?"

"ನನ್ನ ಥರ ಐತಂತಲ್ಲ. ಒಂದ್ಸಲ ನೋಡ್ದೆ ಹೆಂಗೆ?"

ಸಾಲಿನಲ್ಲಿ ನಿಂತಾಗ ಗುಸುಗುಸು ಎದ್ದಿತು. ಮುಂದೆ ಮಂಡಿಯ ಅದೇ ಪಡ್ಡೆ ಹುಡುಗರು ನಿಂತಿದ್ದರು. ತಿರುಗಿ ನೋಡಿ ಮೊಣಕೈಯಲ್ಲಿ ಒಬ್ಬರನ್ನೊಬ್ಬರು ತಿವಿದುಕೊಂಡರು. ಅವಳು ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದು ಗಲ್ಲದ ಹತ್ತಿರ ಹಿಡಿದಳು. ಅದು ಅವಳ ಅಭ್ಯಾಸ. ಬೇಕೆಂದು ಮಾಡಿದ್ದಲ್ಲ ಅಂತ ನಾನು ಆಗ ಅಂದುಕೊಂಡಿದ್ದೆ. ಈಗ ಅಷ್ಟು ಖಚಿತವಾಗಿ ಹೇಳಲಾರೆ.

ಹುಡುಗರು ಮುಂದೆ, ನಾವು ಹಿಂದೆ. ಹಲಗೆ ಅಲ್ಲಾಡಿತು. ಹೊಲದ ಬದು ದಾಟಿ ಅಭ್ಯಾಸವಿದ್ದ ಚಿಕ್ಕವ್ವ ಸಲೀಸಾಗಿ ದಾಟಿದಳು. ಒದ್ದೆ ಗೋಣಿ ಮುಖಕ್ಕೆ ತಾಗಿದಾಗ, "ಗೋಣಿ ಕೊಳೆತೋಗ್ತದೆ, ಒಣಗಾಕ್ಬಾರ್ದಾ?" ಅಂದಳು. ಕತ್ತಲಲ್ಲಿ ಯಾರೋ ತಗಡಿನ ಡಬ್ಬದಲ್ಲಿ ಏನನ್ನೋ ಹಾಕಿಕೊಂಡು ಗಲಗಲ ಅಲ್ಲಾಡಿಸಿದರು. ಮುಂದಿದ್ದ ಹುಡುಗರು ಹೋ ಎಂದರು. ಚಿಕ್ಕವ್ವ ನಿಂತು ಕಿವಿಗೊಟ್ಟಳು.

"ಇನ್ನೂ ಆಗಿಲ್ಲ ಬುಡು" ಅಂದಳು. "ಒಳಗೆ ನೀರೈತೆ."

ನನಗೆ ನಗು ತಡೆಯಲಾಗಲಿಲ್ಲ. ಆ ನಗು ಕೇಳಿಯೇ ಹುಡುಗರು ಹಿಂದಕ್ಕೆ ತಿರುಗಿದ್ದು. ಅಷ್ಟು ಹೊತ್ತಿಗೆ ನಾವು ಕೆಂಪು ಬಲ್ಬಿನ ಕೋಣೆಯ ಹೊಸಿಲಲ್ಲಿದ್ದೆವು. ಅವರಿಗೆ ಕಂಡಿದ್ದು ಬಿಳಿ ಸೀರೆ, ತಲೆ ತುಂಬ ಸೆರಗು, ಅದರೊಳಗೆ ಕೆಂಪಾದ ಮುಖ. ಹಗಲು ಬೆಳಕಿನಲ್ಲಿ ಅವಳನ್ನು ನೋಡಿ ನಕ್ಕವರು ಈಗ ಒಬ್ಬರ ಮೇಲೊಬ್ಬರು ಬಿದ್ದು ಓಡಿದರು. ಒಬ್ಬ ಬಾಗಿಲು ಸಿಗದೆ ಟಾರ್ಪಾಲಿನ ಅಡಿಯಿಂದ ನುಸುಳಿದ. ಗದ್ದಲ ಕೇಳಿ, ತನ್ನ ಸರದಿ ಬಂತೆಂದು ಪರದೆ ಸರಿಸಿಕೊಂಡು ದೆವ್ವ ಲಾಟೀನು ಹಿಡಿದು ಹೊರಗೆ ಬಂತು. ಎದುರಿಗೆ ಚಿಕ್ಕವ್ವ. ದಿನವೆಲ್ಲ ಒಬ್ಬನೇ ದೆವ್ವವಾಗಿದ್ದವನಿಗೆ ಇನ್ನೊಂದು ದೆವ್ವ ಎದುರಾದರೆ ಅವನಾದರೂ ಏನು ಮಾಡಿಯಾನು? "ಯವ್ವಾ!" ಎಂದು ಲಾಟೀನು ಎಸೆದು, ಸೀರೆ ಎತ್ತಿಕೊಂಡು, ಜನ ಒಳಗೆ ಬರುವ ಬಾಗಿಲಿನಿಂದಲೇ ಹೊರಗೆ ಓಡಿದ. ಸಾಲಿನಲ್ಲಿ ನಿಂತವರು ನೋಡಿದ್ದು: ಮೊಣಕಾಲವರೆಗೆ ಸೀರೆ ಎತ್ತಿದ, ಕೆಳಗೆ ಖಾಕಿ ಚಡ್ಡಿಯ, ಕೂದಲು ಕಳಚಿಬಿದ್ದ ದೆವ್ವ. ಅದರ ಹಿಂದೆ ನಿಧಾನವಾಗಿ, ಗಲ್ಲದ ಹತ್ತಿರ ಸೆರಗು ಹಿಡಿದು ಬಂದ ನಮ್ಮ ಚಿಕ್ಕವ್ವ.

ಮೈಕು ಬಿಟ್ಟು ಮಾಲೀಕ ಓಡಿಬಂದ. ಕಪ್ಪು ಕೋಟು ತೊಟ್ಟ ದಪ್ಪ ಮನುಷ್ಯ. "ಏನ್ರೀ ಅಕ್ಕಾರ, ನಮ್ಮ ಹುಡುಗನ್ನ ಯಾಕ ಅಂಜಿಸೀರಿ? ಹೊಟ್ಟಿ ಮ್ಯಾಲೆ ಹೊಡೀಬ್ಯಾಡ್ರೀ."

"ನಾನು ಅಂಜಿಸ್ಲಿಲ್ಲಪ್ಪ. ಟಿಕೆಟ್ ತಗಂಡು ಬಂದೋಳು ನಾನು. ನಡ್ಕೊಂಡು ಬಂದೆ, ಅಷ್ಟೆ. ನಿನ್ನ ದೆವ್ವ ನನ್ನ ಸೀರೆ ಯಾಕೆ ಉಟ್ಟೈತೆ, ಅದು ಹೇಳು."

"ದೆವ್ವ ಅಂದ್ರ ಬಿಳೀ ಸೀರೀನ ಅಲ್ರೀ? ಎಲ್ಲಾ ಊರಾಗೂ ಹಂಗ."

ಚಿಕ್ಕವ್ವ ಜನರ ಕಡೆ ತಿರುಗಿದಳು. ಮಂಡಿಯಿಂದ ಹಮಾಲಿಗಳು, ಗಾಡಿಯವರು, ತೂಕದವನು ಎಲ್ಲ ಬಂದು ನಿಂತಿದ್ದರು. ಅವರ ಹಿಂದೆ ದೊಡ್ಡಪ್ಪ.

"ಸತ್ತೋನು ನನ್ನ ಗಂಡ ಕಣಪ್ಪ, ನಾನಲ್ಲ. ದೆವ್ವ ಆದ್ರೆ ಅವನು ಆಗ್ಬೇಕು. ಅವನು ಯಾವತ್ತೂ ಸೀರೆ ಉಟ್ಟೋನಲ್ಲ. ಪಂಚೆ ಉಡ್ತಿದ್ದ, ಕೋಟು ಹಾಕ್ತಿದ್ದ. ನಾನು ಬದುಕಿದೀನಿ. ಬೆಳಿಗ್ಗೆ ಎದ್ದು ಅಟ್ಟ ಹತ್ತಿ ಕಾಯಿ ನೋಡಿ, ಅದನ್ನ ಒಡೆದು ಕೊಬ್ಬರಿ ಮಾಡಿ, ಇಲ್ಲಿಗೆ ತಂದಿದೀನಿ. ಬದುಕಿರೋಳ ಬಟ್ಟೆ ತಗಂಡು ದೆವ್ವಕ್ಕೆ ಉಡಿಸಿದ್ರೆ ಹೆಂಗೆ? ಇವರ ಮನೇಲೂ ಸತ್ತೋರು ಇಲ್ವಾ? ಕೇಳು. ಈ ವಾರ ಎಲ್ಲರ ಮನೇಲೂ ಎಡೆ ಇಟ್ಟವ್ರೆ. ಯಾರ ಮನೇಲಾದ್ರೂ ಹಲ್ಲು ಬಿಟ್ಕಂಡು ಬಂದವ್ರಾ?"

ಒಬ್ಬ ಮುದುಕ ಹಮಾಲಿ, "ಇಲ್ಲ ಕಣವ್ವ" ಅಂದ. "ನಮ್ಮಪ್ಪಂಗೆ ಒಬ್ಬಟ್ಟು ಅಂದ್ರೆ ಜೀವ. ಪಂಚೆ, ಟವಲ್ಲು ಇಟ್ಟಿದ್ವಿ. ಉಂಡ್ಕಂಡು ಹೋದ."

"ನಮ್ಮ ಮಾವ ಕೋಟಿಲ್ದೆ ಹಟ್ಟಿಯಿಂದ ಆಚೆ ಕಾಲಿಡ್ತಿರಲಿಲ್ಲ" ಅಂದ ಇನ್ನೊಬ್ಬ. "ಹಂಗಾದ್ರೆ ಕೋಟು ಹಾಕ್ಸಪ್ಪ ನಿನ್ನ ದೆವ್ವಕ್ಕೆ!" ಎಂದು ಹಿಂದಿನಿಂದ ಯಾರೋ ಕೂಗಿದರು. "ಹಾಕ್ಸು, ಹಾಕ್ಸು!" ಎಂದು ಇಡೀ ಸಾಲು ಹಿಡಿದುಕೊಂಡಿತು. ಇವರನ್ನು ಹೀಗೇ ಬಿಟ್ಟರೆ ಅವತ್ತಿನ ಟಿಕೆಟ್ಟೇ ಹೋಗುತ್ತದೆಂದು ಮಾಲೀಕನಿಗೆ ಹೊಳೆಯಿತು. ನಡೆಯುವುದನ್ನು ನಡೆಸಿಕೊಳ್ಳುವ ಜಾಣ. ತನ್ನ ಕೋಟನ್ನೇ ಬಿಚ್ಚಿ ದೆವ್ವದ ಹುಡುಗನಿಗೆ ತೊಡಿಸಿದ. ಗಾಡಿಯವನೊಬ್ಬ ತನ್ನ ಪಂಚೆ ಕೊಟ್ಟ. ಇದ್ದಿಲಿನಲ್ಲಿ ಮೀಸೆ ಬರೆದರು.

"ಈಗ ಖುಷಿ ಆತ್ರೀ ಅಕ್ಕಾರ? ನಿಮ್ಮ ಟಿಕೆಟ್ ರೊಕ್ಕ ಹೊಳ್ಳಿ ಕೊಡ್ಲೇನು?"

"ಬ್ಯಾಡ. ಬೋರ್ಡ್ ಬರೆದ ಬಣ್ಣ ಮಿಕ್ಕೈತಾ? ಅದನ್ನೂ ಕುಂಚಾನೂ ಕೊಡು."

ನಾನು ಬೆಪ್ಪಾಗಿ ನೋಡಿದೆ. ಡಬ್ಬ ನನ್ನ ಕೈಗೆ ಕೊಟ್ಟು ಅವಳು ಮಂಡಿಯ ಕಡೆ ಹೊರಟಳು. ಅಂಗಡಿಯ ಮುಂದಿನ ದೀಪದ ಕೆಳಗೆ ನಮ್ಮ ಚೀಲಗಳಿದ್ದವು. ಅವನ್ನು ಒಂದೊಂದಾಗಿ ತಿರುಗಿಸಿ, ಚಿಕ್ಕಪ್ಪನ ಹೆಸರಿಲ್ಲದ ಮಗ್ಗುಲನ್ನು ಮೇಲೆ ಮಾಡಿದಳು.

"ಬರಿಯೇ. ಟೈಪಿಂಗ್ ಕಲ್ತಿದೀಯಲ್ಲ."

"ಯಾರ ಹೆಸರು?"

"ನಂದು. ಮತ್ಯಾರ್ದು?"

ಸತ್ಯ ಹೇಳುತ್ತೇನೆ, ಕುಂಚ ಅದ್ದಿಕೊಂಡ ಮೇಲೆ ಒಂದು ಗಳಿಗೆ ಕೈ ನಿಂತಿತು. ಮದುವೆಯಾಗಿ ನಮ್ಮ ಮನೆಗೆ ಬಂದ ದಿನದಿಂದ ಅವಳನ್ನು ಚಿಕ್ಕವ್ವ ಅಂದವಳು ನಾನು. ಊರಿಗೆ ಅವಳು ಇಂಥವನ ಹೆಂಡತಿ, ಇಂಥವರ ಸೊಸೆ. ಆ ಹೆಸರನ್ನು ಪೂರ್ತಿಯಾಗಿ ಯಾರ ಬಾಯಿಂದಲೂ ನಾನು ಕೇಳಿರಲಿಲ್ಲ, ಬರೆದದ್ದಂತೂ ಕಂಡೇ ಇರಲಿಲ್ಲ. ಅವಳು ಒಂದೊಂದೇ ಅಕ್ಷರ ಹೇಳಿದಳು, ನಾನು ಬರೆದೆ. ಬಣ್ಣ ತೆಳ್ಳಗಿತ್ತು. ಗೋಣಿಯ ಮೇಲೆ ಇಳಿದು, ಒಂದೊಂದು ಅಕ್ಷರದಿಂದಲೂ ಭೂತ ಬಂಗಲೆಯ ಬೋರ್ಡಿನ ಹಾಗೆ ರಕ್ತ ತೊಟ್ಟಿಕ್ಕಿತು. ನಾನು ಒರೆಸಲು ಹೋದೆ. "ಇರ್ಲಿ ಬುಡು" ಅಂದಳು. "ದೂರಕ್ಕೆ ಚೆನ್ನಾಗಿ ಕಾಣ್ತದೆ."

ಅಷ್ಟರಲ್ಲಿ ಬಯಲಿನಿಂದ ಒಂದು ದೊಡ್ಡ ನಗೆ ಎದ್ದಿತು, ಮತ್ತೊಂದು ಎದ್ದಿತು. ಕೋಟಿನ ದೆವ್ವ ಕೆಲಸ ಶುರು ಮಾಡಿತ್ತು.

ಆ ರಾತ್ರಿ ಮಂಡಿಯವರ ಮನೆಯಲ್ಲಿ ಮಲಗಿ ಬೆಳಿಗ್ಗೆ ಬಂದರೆ, ಮಂಡಿಯ ಯಾರ್ಡಿನಲ್ಲೆಲ್ಲ ಒಂದೇ ಮಾತು. ಚಿಕ್ಕವ್ವ ತನ್ನ ಚೀಲಗಳ ಪಕ್ಕದಲ್ಲಿ ಅದೇ ಬಿಳಿ ಸೀರೆಯಲ್ಲಿ, ಅದೇ ಸೆರಗಿನಲ್ಲಿ ನಿಂತಳು. ಹಿಂದಿನ ದಿನ ಟಾರ್ಪಾಲಿನಡಿ ನುಸುಳಿದ ಹುಡುಗ ಹಾದುಹೋಗುತ್ತ ಏನೋ ಅನ್ನಲು ಬಾಯಿ ತೆರೆದ. ತೂಕದವನೇ ಅವನನ್ನು ಗದರಿದ: "ಸುಮ್ಕಿರ್ಲಾ. ದೆವ್ವ ಈಗ ಕೋಟು ಹಾಕ್ಕಂಡೈತೆ."

ಎಲ್ಲರೂ ನಕ್ಕರು. ಆ ನಗು ಮುಗಿಯುವ ಮೊದಲೇ ಗೇಟಿನಿಂದ ದೊಡ್ಡಪ್ಪ ಒಳಗೆ ಬಂದ. ಪಂಚೆ, ಮೀಸೆ, ಕಪ್ಪು ಕೋಟು. ಎಲ್ಲರೂ ಅವನ ಕಡೆ ತಿರುಗಿದರು. ಆಮೇಲೆ ಎಲ್ಲೋ ಒಂದು ಮೂಲೆಯಲ್ಲಿ ಯಾರೋ ಟೇಪ್ ರೆಕಾರ್ಡರಿನ ಹಾಗೆ ನಕ್ಕರು. ದೊಡ್ಡಪ್ಪನ ಮುಖ ಸಪ್ಪಗಾಯಿತು. ಚಿಕ್ಕವ್ವ ಗೇಟಿನಲ್ಲಿ ನಿಂತ ದಿನ ಅವಳ ಮುಖ ಹೇಗಿತ್ತೋ ಹಾಗೇ ಇತ್ತು ಅವನದು. ಏನೂ ಆಗದವನಂತೆ ಗುಂಡಿ ಬಿಚ್ಚಿ, ಕೋಟು ತೆಗೆದು, ಮಡಿಸಿ ಕೈಗೆ ಹಾಕಿಕೊಂಡ.

"ಭಾವ" ಅಂದಳು ಚಿಕ್ಕವ್ವ, ಎಲ್ಲರಿಗೂ ಕೇಳುವ ಹಾಗೆ. "ಕೋಟು ಯಾಕೆ ಬಿಚ್ಚಿದ್ರಿ? ಹಾಕ್ಕಳಿ. ಇವರು ನಕ್ಕರು ಅಂತ ನಾನೇನು ಸೀರೆ ಬಿಚ್ಚಿದ್ನಾ?"

ದೊಡ್ಡಪ್ಪ ಅವಳನ್ನು ನೋಡಿದ, ಚೀಲದ ಮೇಲಿನ ಕೆಂಪು ಅಕ್ಷರ ನೋಡಿದ. ಓದು ನಿಧಾನ ಅವನಿಗೆ. ಒಂದೊಂದೇ ಅಕ್ಷರ ಕೂಡಿಸಿಕೊಂಡು ಕೊನೆಯವರೆಗೆ ಓದುವಾಗ ತುಟಿ ಅಲ್ಲಾಡುತ್ತಿತ್ತು. ಆಮೇಲೆ ಕೋಟಿನ ಒಂದು ತೋಳು ತೊಟ್ಟ. ಇನ್ನೊಂದು ತೋಳು ಸಿಗದೆ ತಡವರಿಸುವಾಗ ಚಿಕ್ಕವ್ವ ಹಿಂದಿನಿಂದ ಎಳೆದು ಸರಿಮಾಡಿದಳು.

ಮಂಡಿಯವರು ಬಂದರು. "ಏನ್ ತೀರ್ಮಾನ ಆಯ್ತಮ್ಮ? ಯಾರ ಹೆಸರಿಗೆ?"

ಚಿಕ್ಕವ್ವ ಬಾಯಿ ತೆರೆಯುವ ಮುಂಚೆ ದೊಡ್ಡಪ್ಪ ರೇಗಿದ. "ಕಣ್ಣು ಕಾಣಲ್ವೇನ್ರೀ ನಿಮಗೆ? ಅಷ್ಟು ದಪ್ಪಕ್ಕೆ ಬರೆದವ್ರಲ್ಲ!"

"ಓದೋಕೆ ಬತ್ತದೆ ಗೌಡ್ರೇ" ಅಂದರು ಮಂಡಿಯವರು. "ಆಯಮ್ಮನ ಬಾಯಿಂದ ಕೇಳಣ ಅಂತ."

ಚಿಕ್ಕವ್ವ ಹೇಳಿದಳು. ಹರಾಜಿನವನು ಅದನ್ನೇ ಹಿಡಿದು, ಭೂತ ಬಂಗಲೆಯ ಮೈಕಿಗಿಂತ ಜೋರಾಗಿ, ಅವಳ ಹೆಸರು ಕೂಗಿದ.